ಲಿಬ್‌ಕರ್ಲ್

ಲಿಬ್‌ಕರ್ಲ್ ಎಂಬುದು ಗಣಕಯಂತ್ರದ ಅನ್ವಯ ತಂತ್ರಾಂಶಗಳಿಗೆ ಅಂತರಜಾಲದ ಮೂಲಕ ಕಡತಗಳನ್ನು ತರಿಸಿಕೊಳ್ಳುವ ಹಾಗೂ ಕಳುಹಿಸುವ ಸಾಮರ್ಥ್ಯವನ್ನು ಒದಗಿಸುವ ಒಂದು ಮುಕ್ತ ತಂತ್ರಾಂಶ ಘಟಕ. ಸಿ ಭಾಷೆಯಲ್ಲಿ ಬರೆಯಲಾದ ಈ ಲೈಬ್ರರಿಯನ್ನು ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಅವರು ರೂಪಿಸಿ, 2000ದ ಆಗಸ್ಟ್ ತಿಂಗಳಿನಲ್ಲಿ ಮೊದಲ ಬಾರಿಗೆ ಬಿಡುಗಡೆ ಮಾಡಿದರು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎಫ್‌ಟಿಪಿ, ಎಸ್‌ಎಫ್‌ಟಿಪಿ ಮೊದಲಾದ 20ಕ್ಕೂ ಹೆಚ್ಚು ಪ್ರೋಟೊಕಾಲ್‌ಗಳನ್ನು ಇದು ಬಲ್ಲದು. ವಿಂಡೋಸ್, ಮ್ಯಾಕ್ಓಎಸ್, ಲಿನಕ್ಸ್ ಸೇರಿದಂತೆ ಬಹುತೇಕ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತದೆ.

ಲಿಬ್‌ಕರ್ಲ್ ಬಳಕೆದಾರರ ಕಣ್ಣಿಗೆ ಬೀಳುವಂಥದ್ದಲ್ಲ. ಇದಕ್ಕೆ ಪರದೆಯ ಮೇಲೆ ಕಿಟಕಿಯಾಗಲಿ, ಗುಂಡಿಯಾಗಲಿ, ಚಿಹ್ನೆಯಾಗಲಿ ಇಲ್ಲ. ಬಳಕೆದಾರರು ತಮ್ಮ ತಂತ್ರಾಂಶದಲ್ಲಿ 'ಡೌನ್‌ಲೋಡ್' ಅಥವಾ 'ಅಪ್‌ಡೇಟ್' ಎಂಬ ಗುಂಡಿಯನ್ನು ಒತ್ತಿದಾಗ, ಅದರ ಹಿಂದೆ ಸರ್ವರ್‌ನೊಡನೆ ನಡೆಯುವ ಮಾತುಕತೆಯನ್ನು ಅನೇಕ ವೇಳೆ ಇದೇ ನಿರ್ವಹಿಸುತ್ತಿರುತ್ತದೆ. ಹೀಗೆ ಮರೆಯಲ್ಲಿದ್ದುಕೊಂಡೇ ಕೆಲಸ ಮಾಡುವುದರಿಂದ, ಇದರಲ್ಲಿ ದೋಷ ಕಂಡುಬಂದಾಗ ಅಥವಾ ಇದನ್ನು ತಪ್ಪಾಗಿ ಅಳವಡಿಸಿದಾಗ ಅದರ ಪರಿಣಾಮವನ್ನು ಅನುಭವಿಸುವವರಿಗೆ ಕಾರಣ ತಿಳಿಯುವುದು ಕಷ್ಟ.

ಹೆಸರು

'ಕರ್ಲ್' ಎಂಬ ಹೆಸರನ್ನು 'ಯುಆರ್‌ಎಲ್‌ಗಳ ಕ್ಲೈಂಟ್' ಎಂಬ ಅರ್ಥದಲ್ಲಿ ಇಡಲಾಯಿತು. ಇಂಗ್ಲಿಷಿನಲ್ಲಿ 'ಸಿ' ಅಕ್ಷರದ ಉಚ್ಚಾರವೂ 'ನೋಡು' ಎಂಬ ಪದದ ಉಚ್ಚಾರವೂ ಒಂದೇ ಆಗಿರುವುದರಿಂದ 'ಯುಆರ್‌ಎಲ್ ನೋಡು' ಎಂಬ ಶ್ಲೇಷೆಯೂ ಅದರಲ್ಲಿದೆ. 'ಲಿಬ್' ಎಂಬುದು ಲೈಬ್ರರಿ ಎಂಬುದರ ಮೊಟಕು ರೂಪ. ಕರ್ಲ್ ಎಂದರೆ ಆದೇಶ ಸಾಲಿನಲ್ಲಿ ಟೈಪು ಮಾಡಿ ಬಳಸುವ ಉಪಕರಣ. ಲಿಬ್‌ಕರ್ಲ್ ಎಂದರೆ ಬೇರೆ ತಂತ್ರಾಂಶಗಳ ಒಳಗೆ ಸೇರಿಕೊಳ್ಳುವ ಘಟಕ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ವಾಸ್ತವದಲ್ಲಿ ಕರ್ಲ್ ಉಪಕರಣವೂ ಲಿಬ್‌ಕರ್ಲ್‌ನ ಒಬ್ಬ ಗಿರಾಕಿ ಮಾತ್ರ. ಕಡತ ಸಾಗಣೆಯ ಕೆಲಸವನ್ನೆಲ್ಲ ಅದು ಲೈಬ್ರರಿಗೇ ಒಪ್ಪಿಸುತ್ತದೆ.

ಹಿನ್ನೆಲೆ

ಒಂದು ಗಣಕದಿಂದ ಇನ್ನೊಂದಕ್ಕೆ ಕಡತವನ್ನು ಸಾಗಿಸುವ ನಿಯಮಾವಳಿಗಳು ಅಂತರಜಾಲಕ್ಕಿಂತಲೂ ಹಳೆಯವು. ಎಫ್‌ಟಿಪಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 114 ಎಂಬ ದಾಖಲೆಯಾಗಿ ಪ್ರಕಟಿಸಿದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ಪದವೀಧರರಾದ ಅವರು ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಭಾರತೀಯರೊಬ್ಬರ ಈ ಕೊಡುಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ. ಎಫ್‌ಟಿಪಿಯ ಈಗಿನ ರೂಪವನ್ನು 1985ರ ಆರ್‌ಎಫ್‌ಸಿ 959 ನಿಗದಿಪಡಿಸಿತು.

ಎಫ್‌ಟಿಪಿಯಲ್ಲಿ ಎರಡು ಪ್ರತ್ಯೇಕ ಸಂಪರ್ಕಗಳಿರುತ್ತವೆ: ಆದೇಶಗಳಿಗೆ ಒಂದು, ಕಡತದ ದತ್ತಾಂಶಕ್ಕೆ ಇನ್ನೊಂದು. ಮೂಲ ವಿನ್ಯಾಸದಲ್ಲಿ ಎರಡನೆಯ ಸಂಪರ್ಕವನ್ನು ಸರ್ವರ್ ತಾನಾಗಿಯೇ ಬಳಕೆದಾರರ ಗಣಕದ ಕಡೆಗೆ ತೆರೆಯುತ್ತಿತ್ತು. ಮನೆ ಕಚೇರಿಗಳ ಗಣಕಗಳು ರೂಟರ್ ಮತ್ತು ಫೈರ್‌ವಾಲ್‌ಗಳ ಹಿಂದೆ ಸೇರಿಕೊಂಡ ಮೇಲೆ ಹೊರಗಿನಿಂದ ಬರುವ ಇಂತಹ ಸಂಪರ್ಕಗಳಿಗೆ ತಡೆಯುಂಟಾಯಿತು. ಆದ್ದರಿಂದ ಎರಡೂ ಸಂಪರ್ಕಗಳನ್ನು ಕ್ಲೈಂಟ್ ಕಡೆಯಿಂದಲೇ ತೆರೆಯುವ 'ನಿಷ್ಕ್ರಿಯ ವಿಧಾನ' ರೂಢಿಗೆ ಬಂದಿತು. ಅನ್ವಯ ತಂತ್ರಾಂಶವನ್ನು ಬರೆಯುವವರು ಇದನ್ನೆಲ್ಲ ತಾವೇ ನಿಭಾಯಿಸಬೇಕೆಂದರೆ ಲೆಕ್ಕಪತ್ರದ ತಂತ್ರಾಂಶ ಬರೆಯಹೊರಟವರು ಮೊದಲು ಜಾಲಬಂಧದ ಪಂಡಿತರಾಗಬೇಕಾಗುತ್ತದೆ. ಎಚ್‌ಟಿಟಿಪಿ ಮೇಲ್ನೋಟಕ್ಕೆ ಸುಲಭವೆಂದು ತೋರಿದರೂ ಪುನರ್ನಿರ್ದೇಶನ, ಕುಕೀ, ಪ್ರಾಕ್ಸಿ, ಗೂಢಲಿಪೀಕರಣ, ಅರ್ಧಕ್ಕೆ ನಿಂತ ಸಾಗಣೆಯ ಮುಂದುವರಿಕೆ ಎಂದು ತೊಡಕುಗಳು ಒಂದರ ಹಿಂದೆ ಒಂದು ಬರುತ್ತವೆ.

ಈ ಹೊರೆಯನ್ನು ಇಳಿಸಲೆಂದೇ ಸಿದ್ಧ ಘಟಕಗಳು ಹುಟ್ಟಿಕೊಂಡವು. 1990ರ ದಶಕದ ಕೊನೆಯಲ್ಲಿ ವಿಷುಯಲ್ ಬೇಸಿಕ್ ಬಳಸುತ್ತಿದ್ದವರಿಗೆ ಮೈಕ್ರೋಸಾಫ್ಟ್ 'ಇಂಟರ್‌ನೆಟ್ ಟ್ರಾನ್ಸ್‌ಫರ್ ಕಂಟ್ರೋಲ್' ಎಂಬ ಘಟಕವನ್ನು ಒದಗಿಸಿತ್ತು. ಇಂತಹವು ಒಂದೇ ಕಾರ್ಯಾಚರಣ ವ್ಯವಸ್ಥೆಗೆ ಅಂಟಿಕೊಂಡಿದ್ದವು. ಎಲ್ಲ ವ್ಯವಸ್ಥೆಗಳಲ್ಲೂ ಒಂದೇ ರೀತಿ ನಡೆಯುವ, ಶುಲ್ಕವಿಲ್ಲದೆ ಬಳಸಬಹುದಾದ ಘಟಕವಾಗಿ ಲಿಬ್‌ಕರ್ಲ್ ಆ ಸ್ಥಾನಕ್ಕೆ ಬಂದಿತು.

ಇತಿಹಾಸ

ಲಿಬ್‌ಕರ್ಲ್‌ನ ಮೂಲವು ಒಂದು ಸಣ್ಣ ಅಗತ್ಯದಲ್ಲಿದೆ. 1996ರಲ್ಲಿ ಸ್ಟೆನ್‌ಬರ್ಗ್ ಅವರು ಐಆರ್‌ಸಿ ಹರಟೆ ಕೊಠಡಿಯೊಂದಕ್ಕಾಗಿ ವಿದೇಶಿ ಹಣದ ವಿನಿಮಯ ದರವನ್ನು ತಿಳಿಸುವ ಪುಟ್ಟ ಸೇವೆಯೊಂದನ್ನು ರೂಪಿಸುತ್ತಿದ್ದರು. ದರಗಳನ್ನು ಜಾಲತಾಣದಿಂದ ತಾನಾಗಿಯೇ ತರಿಸಿಕೊಳ್ಳುವ ಉಪಕರಣವೊಂದು ಅವರಿಗೆ ಬೇಕಾಗಿತ್ತು. ಬ್ರೆಜಿಲ್‌ನ ರಫಾಯೆಲ್ ಸಗುಲಾ ಎಂಬವರು ಬರೆದಿದ್ದ 'ಎಚ್‌ಟಿಟಿಪಿಗೆಟ್' ಎಂಬ ಕಿರು ಉಪಕರಣ ಅವರ ಕಣ್ಣಿಗೆ ಬಿದ್ದಿತು. ಅದನ್ನು ತಿದ್ದಿ ಬೆಳೆಸುತ್ತ ಹೋದ ಸ್ಟೆನ್‌ಬರ್ಗ್ ಅವರೇ ಕೆಲಕಾಲದಲ್ಲಿ ಅದರ ನಿರ್ವಾಹಕರಾದರು. ಎಫ್‌ಟಿಪಿ ಮೊದಲಾದವು ಸೇರಿದ ಮೇಲೆ ಹಳೆಯ ಹೆಸರು ಹೊಂದದೆ 'ಯುಆರ್‌ಎಲ್‌ಗೆಟ್' ಎಂದಾಯಿತು. ಕಡತಗಳನ್ನು ತರುವುದರ ಜೊತೆಗೆ ಕಳುಹಿಸುವುದೂ ಸಾಧ್ಯವಾದಾಗ ಆ ಹೆಸರೂ ಸಾಲದಾಗಿ, 1998ರ ಮಾರ್ಚ್ 20ರಂದು 'ಕರ್ಲ್' ಎಂಬ ಹೆಸರಿನಲ್ಲಿ 4ನೆಯ ಆವೃತ್ತಿ ಹೊರಬಂದಿತು. ಹಿಂದಿನ ಹೆಸರುಗಳ ಎಣಿಕೆಯನ್ನೇ ಮುಂದುವರಿಸಿದ್ದರಿಂದ ಕರ್ಲ್‌ಗೆ 1ನೆಯ ಆವೃತ್ತಿ ಎಂಬುದೇ ಇಲ್ಲ. ಆಗ ಅದರ ಗಾತ್ರ ಸುಮಾರು 2,200 ಸಾಲುಗಳಷ್ಟಿತ್ತು.

ಉಪಕರಣದ ಹೊಟ್ಟೆಯಲ್ಲಿದ್ದ ಸಾಗಣೆಯ ಭಾಗವನ್ನು ಬೇರ್ಪಡಿಸಿ, ಇತರರೂ ಬಳಸಬಹುದಾದ ಲೈಬ್ರರಿಯಾಗಿ 2000ದ ಆಗಸ್ಟ್‌ನಲ್ಲಿ 7.1ನೆಯ ಆವೃತ್ತಿಯೊಡನೆ ನೀಡಲಾಯಿತು. ಅದೇ ತಿಂಗಳು ಪಿಎಚ್‌ಪಿ ಭಾಷೆಯವರು ಲಿಬ್‌ಕರ್ಲ್ ಅನ್ನು ತಮ್ಮದರಲ್ಲಿ ಸೇರಿಸಿಕೊಂಡರು. ಲೈಬ್ರರಿಯು ಬಹುಬೇಗ ಹರಡಲು ಇದೊಂದು ಮುಖ್ಯ ಕಾರಣವಾಯಿತು. 2001ರಲ್ಲಿ ಆಪಲ್‌ನ ಮ್ಯಾಕ್ ಓಎಸ್ ಟೆನ್ ವ್ಯವಸ್ಥೆಯೊಡನೆ ಕರ್ಲ್ ಬರತೊಡಗಿತು. 2006ರ ಅಕ್ಟೋಬರ್‌ನಲ್ಲಿ ಬಂದ 7.16.0 ಆವೃತ್ತಿಯ ಬಳಿಕ, ಅನ್ವಯಗಳೊಡನೆ ಬೆಸೆಯುವ ಹೊರಮೈಯನ್ನು ಮುರಿಯುವಂತಹ ಬದಲಾವಣೆಯನ್ನು ಮಾಡಿಲ್ಲ. ಅಂದರೆ ಆ ಕಾಲದಲ್ಲಿ ಲಿಬ್‌ಕರ್ಲ್‌ಗೆಂದು ಸಿದ್ಧಪಡಿಸಿದ ಅನ್ವಯವೊಂದು ಮರುಸಂಕಲನವಿಲ್ಲದೆ ಹೊಸ ಲಿಬ್‌ಕರ್ಲ್‌ನೊಡನೆಯೂ ನಡೆಯಬೇಕೆಂಬುದು ಯೋಜನೆಯ ವಚನ. 2023ರ ಮಾರ್ಚ್ 20ರಂದು, ಕರ್ಲ್‌ನ 25ನೆಯ ಹುಟ್ಟುಹಬ್ಬದ ದಿನ 8.0.0 ಆವೃತ್ತಿ ಬಂದಾಗಲೂ ಈ ವಚನವನ್ನು ಉಳಿಸಿಕೊಳ್ಳಲಾಯಿತು. ತಂತ್ರಾಂಶ ಲೋಕದಲ್ಲಿ ಇಷ್ಟು ದೀರ್ಘಕಾಲದ ಸ್ಥಿರತೆ ಅಪರೂಪ.

ರಚನೆ ಮತ್ತು ಕಾರ್ಯವಿಧಾನ

ಲಿಬ್‌ಕರ್ಲ್ ಎರಡು ಬಗೆಯ ಬಳಕೆಗೆ ಅವಕಾಶ ನೀಡುತ್ತದೆ. ಮೊದಲನೆಯದಕ್ಕೆ 'ಈಸಿ' ಎಂದು ಹೆಸರು. ಇದರಲ್ಲಿ ಅನ್ವಯವು ಮೊದಲಿಗೆ ಒಂದು 'ಹಿಡಿಕೆ'ಯನ್ನು ಪಡೆಯುತ್ತದೆ. ವಿಳಾಸ, ಬಳಕೆದಾರರ ಹೆಸರು, ಕಾಲಮಿತಿ ಮುಂತಾದ ಆಯ್ಕೆಗಳನ್ನು ಅದರ ಮೇಲೆ ಒಂದೊಂದಾಗಿ ನಮೂದಿಸುತ್ತದೆ. ಬಳಿಕ ಸಾಗಣೆಯನ್ನು ನಡೆಸುವಂತೆ ಹೇಳುತ್ತದೆ. ಕೊನೆಗೆ ಹಿಡಿಕೆಯನ್ನು ಹಿಂದಿರುಗಿಸುತ್ತದೆ. ಅಂಚೆ ಕಚೇರಿಯಲ್ಲಿ ನಮೂನೆಯನ್ನು ತುಂಬಿ ಗವಾಕ್ಷಿಯಲ್ಲಿ ಕೊಟ್ಟು, ರಸೀದಿ ಬರುವವರೆಗೆ ಅಲ್ಲೇ ನಿಂತಿರುವುದಕ್ಕೆ ಇದನ್ನು ಹೋಲಿಸಬಹುದು. ಸಾಗಣೆ ಮುಗಿಯುವವರೆಗೆ ಕರೆದ ಭಾಗವು ಮುಂದೆ ಸರಿಯುವುದಿಲ್ಲ.

ಎರಡನೆಯದು 'ಮಲ್ಟಿ'. ಇದರಲ್ಲಿ ಅನೇಕ ಸಾಗಣೆಗಳು ಏಕಕಾಲದಲ್ಲಿ ನಡೆಯುತ್ತವೆ. ಅನ್ವಯವು ತನ್ನ ಇತರ ಕೆಲಸಗಳ ನಡುವೆ ಆಗಾಗ ಲಿಬ್‌ಕರ್ಲ್‌ಗೆ ಸ್ವಲ್ಪ ಅವಕಾಶ ಕೊಡುತ್ತ ಹೋದರೆ ಸಾಕು. ನೂರಾರು ಸಾಗಣೆಗಳಿದ್ದರೂ ಇದಕ್ಕೆ ಒಂದೇ ಎಳೆ ಸಾಕಾಗುತ್ತದೆ.

ದತ್ತಾಂಶ ಬಂದಾಗ ಏನು ಮಾಡಬೇಕೆಂಬುದನ್ನು ಲಿಬ್‌ಕರ್ಲ್ ತಾನು ನಿರ್ಧರಿಸುವುದಿಲ್ಲ. ಅನ್ವಯವು ಮುಂಚಿತವಾಗಿ ಕೊಟ್ಟಿರುವ 'ಹಿಂಕರೆ' ಫಲನವನ್ನು ಅದು ಕರೆದು, ಬಂದಷ್ಟನ್ನು ಒಪ್ಪಿಸುತ್ತದೆ. ಸಾಮಾನ್ಯವಾಗಿ ಒಂದು ಬಾರಿಗೆ ಗರಿಷ್ಠ 16 ಕಿಲೋಬೈಟ್‌ಗಳಷ್ಟು ದತ್ತಾಂಶ ಸಿಗುತ್ತದೆ. ಹಿಂಕರೆಯು ತಾನು ಎಷ್ಟು ಬೈಟ್‌ಗಳನ್ನು ಸ್ವೀಕರಿಸಿದೆ ಎಂಬ ಸಂಖ್ಯೆಯನ್ನು ಮರಳಿಸಬೇಕು. ಡಿಸ್ಕ್ ತುಂಬಿ ಬರೆಯಲಾಗದಿದ್ದರೆ ಆ ಸಂಖ್ಯೆ ಕಡಿಮೆಯಾಗಿ, ಲಿಬ್‌ಕರ್ಲ್ ಸಾಗಣೆಯನ್ನು ದೋಷವೆಂದು ನಿಲ್ಲಿಸುತ್ತದೆ. ಕಳುಹಿಸುವ ದತ್ತಾಂಶಕ್ಕೂ, ಪ್ರಗತಿಯನ್ನು ತೋರಿಸುವುದಕ್ಕೂ ಹೀಗೆಯೇ ಪ್ರತ್ಯೇಕ ಹಿಂಕರೆಗಳಿವೆ.

ಎಲ್ಲವನ್ನೂ ಲಿಬ್‌ಕರ್ಲ್ ತಾನೇ ಮಾಡುವುದಿಲ್ಲ. ಗೂಢಲಿಪೀಕರಣಕ್ಕೆ ಓಪನ್‌ಎಸ್‌ಎಸ್‌ಎಲ್, ಗ್ನೂಟಿಎಲ್‌ಎಸ್, ವುಲ್ಫ್‌ಎಸ್‌ಎಸ್‌ಎಲ್, ವಿಂಡೋಸ್‌ನ ಸ್ಕ್ಯಾನಲ್ ಮುಂತಾದವುಗಳಲ್ಲಿ ಯಾವುದಾದರೊಂದನ್ನು, ಎಸ್‌ಎಫ್‌ಟಿಪಿಗೆ ಲಿಬ್‌ಎಸ್‌ಎಸ್‌ಎಚ್2 ಮೊದಲಾದವನ್ನು ಅವಲಂಬಿಸುತ್ತದೆ. ಆದ್ದರಿಂದ 'ಲಿಬ್‌ಕರ್ಲ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಗಣಕಗಳಲ್ಲಿರುವ ಪ್ರತಿಗಳು ಒಂದೇ ಸಾಮರ್ಥ್ಯವನ್ನು ಹೊಂದಿರಬೇಕೆಂದಿಲ್ಲ. ಸಿದ್ಧಪಡಿಸುವಾಗ ಕೈಬಿಟ್ಟ ಪ್ರೋಟೊಕಾಲ್ ಆ ಪ್ರತಿಯಲ್ಲಿ ಸಿಗುವುದಿಲ್ಲ.

ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಅಳವಡಿಕೆ

ನಾಲ್ಕೈದು ಕರೆಗಳಲ್ಲಿ ಕಡತವೊಂದನ್ನು ತರಿಸಿಕೊಳ್ಳಬಹುದಾದರೂ, ಡೆಸ್ಕ್‌ಟಾಪ್ ಅನ್ವಯದಲ್ಲಿ ಅದನ್ನು ಸರಿಯಾಗಿ ಕೂರಿಸಲು ಎಚ್ಚರ ಬೇಕು. ಕಲಿಯುವವರು ಮೊದಲು ಎಡವುವುದು ಪರದೆ ಸ್ತಬ್ಧವಾಗುವ ಸಮಸ್ಯೆಯಲ್ಲಿ. ಪರದೆಯನ್ನು ಚಿತ್ರಿಸುವ ಎಳೆಯಲ್ಲಿಯೇ 'ಈಸಿ' ವಿಧಾನದ ಸಾಗಣೆಯನ್ನು ಆರಂಭಿಸಿದರೆ, ಅದು ಮುಗಿಯುವವರೆಗೆ ಕಿಟಕಿ ಯಾವ ಒತ್ತುವಿಕೆಗೂ ಸ್ಪಂದಿಸುವುದಿಲ್ಲ. ತಂತ್ರಾಂಶ ಕೆಟ್ಟಿತೆಂದು ಭಾವಿಸಿ ಬಳಕೆದಾರರು ಅದನ್ನು ಬಲವಂತವಾಗಿ ಮುಚ್ಚುತ್ತಾರೆ. ಸಾಗಣೆಯನ್ನು ಬೇರೆ ಎಳೆಗೆ ವಹಿಸುವುದು ಅಥವಾ 'ಮಲ್ಟಿ' ವಿಧಾನವನ್ನು ಬಳಸುವುದು ಇದಕ್ಕೆ ಪರಿಹಾರ. ಆದರೆ ಒಂದೇ ಹಿಡಿಕೆಯನ್ನು ಏಕಕಾಲದಲ್ಲಿ ಎರಡು ಎಳೆಗಳು ಬಳಸಕೂಡದು. 'ರದ್ದುಮಾಡು' ಗುಂಡಿಯನ್ನು ಒದಗಿಸಲು ಪ್ರಗತಿಯ ಹಿಂಕರೆಯೇ ದಾರಿ: ಅದು ಸೊನ್ನೆಯಲ್ಲದ ಸಂಖ್ಯೆಯನ್ನು ಮರಳಿಸಿದೊಡನೆ ಸಾಗಣೆ ನಿಲ್ಲುತ್ತದೆ.

ಕಾಲಮಿತಿಯ ವಿಷಯವೂ ಅಷ್ಟೇ ಮುಖ್ಯವಾದುದು. ಸಂಪರ್ಕ ಏರ್ಪಡಲು ಲಿಬ್‌ಕರ್ಲ್ ತಾನಾಗಿ 300 ಸೆಕೆಂಡುಗಳ ಮಿತಿಯನ್ನು ಇಟ್ಟುಕೊಂಡಿದೆ. ಆದರೆ ಒಟ್ಟು ಸಾಗಣೆಗೆ ಯಾವ ಮಿತಿಯನ್ನೂ ಹಾಕುವುದಿಲ್ಲ. ದೊಡ್ಡ ಕಡತವೊಂದು ಗಂಟೆಗಟ್ಟಲೆ ಬರುತ್ತಿರಬಹುದು ಎಂಬುದು ಇದರ ಹಿಂದಿನ ತರ್ಕ. ಒಟ್ಟು ಅವಧಿಗೆ ಕಡಿವಾಣ ಹಾಕುವುದಕ್ಕಿಂತ, ಇಷ್ಟು ಸೆಕೆಂಡುಗಳವರೆಗೆ ವೇಗವು ಇಷ್ಟಕ್ಕಿಂತ ಕೆಳಗಿದ್ದರೆ ನಿಲ್ಲಿಸು ಎಂಬ ಆಯ್ಕೆಯನ್ನು ಬಳಸುವುದು ನಿಧಾನಗತಿಯ ಸಂಪರ್ಕವಿರುವ ಊರುಗಳ ಬಳಕೆದಾರರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ. ನಗರದ ವೇಗದ ಸಂಪರ್ಕವನ್ನು ಅಳತೆಗೋಲಾಗಿ ಇಟ್ಟುಕೊಂಡು ಬರೆದ ತಂತ್ರಾಂಶವು ಹಳ್ಳಿಯಲ್ಲಿ, ಕಡತ ಇನ್ನೂ ಬರುತ್ತಿರುವಾಗಲೇ ಕೈಚೆಲ್ಲುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಯಶಸ್ಸಿನ ಅರ್ಥಕ್ಕೆ ಸಂಬಂಧಿಸಿದ್ದು. ಕೇಳಿದ ಕಡತ ಇಲ್ಲವೆಂದು ಸರ್ವರ್ 404 ಸಂಖ್ಯೆಯೊಡನೆ ಉತ್ತರಿಸಿದರೂ, ಸಾಗಣೆ ಎಂಬ ಕ್ರಿಯೆಯು ಸುಗಮವಾಗಿ ನಡೆದಿರುವುದರಿಂದ ಲಿಬ್‌ಕರ್ಲ್ 'ಸರಿ' ಎಂದೇ ಹೇಳುತ್ತದೆ. ಅನ್ವಯವು ಉತ್ತರದ ಸಂಖ್ಯೆಯನ್ನು ಪರಿಶೀಲಿಸದಿದ್ದರೆ, ಫಲಿತಾಂಶ ಪಟ್ಟಿ ಇರಬೇಕಾದ ಕಡತದೊಳಗೆ 'ಪುಟ ಸಿಗಲಿಲ್ಲ' ಎಂಬ ಒಕ್ಕಣೆ ಸೇರಿಕೊಂಡು ಹಳೆಯ ಒಳ್ಳೆಯ ಪ್ರತಿಯೇ ಅಳಿಸಿಹೋಗಬಹುದು. ಇಂತಹ ಉತ್ತರಗಳನ್ನು ದೋಷವೆಂದೇ ಪರಿಗಣಿಸುವಂತೆ ಮಾಡುವ ಆಯ್ಕೆ ಇದೆ. ಅದನ್ನು ಕೇಳಿ ಪಡೆಯಬೇಕು. ಪುನರ್ನಿರ್ದೇಶನವನ್ನೂ ಲೈಬ್ರರಿಯು ಕೇಳದ ಹೊರತು ಅನುಸರಿಸುವುದಿಲ್ಲ. ಜಾಣರಾದ ಅಭಿವರ್ಧಕರು ಹೊಸ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಉಳಿಸಿ, ಎಲ್ಲವೂ ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುತ್ತಾರೆ.

ಅರ್ಧಕ್ಕೆ ನಿಂತ ಸಾಗಣೆಯನ್ನು ನಿಂತಲ್ಲಿಂದಲೇ ಮುಂದುವರಿಸುವ ಸೌಲಭ್ಯ, ವಿದ್ಯುತ್ ಕೈಕೊಡುವ ಕಡೆಗಳಲ್ಲಿ ಬಹಳ ಉಪಯುಕ್ತ. ನಡುವಿನ ಅವಧಿಯಲ್ಲಿ ಸರ್ವರ್‌ನಲ್ಲಿದ್ದ ಮೂಲ ಕಡತವೇ ಬದಲಾಗಿದ್ದರೆ ಮಾತ್ರ ಹಳೆಯ ತಲೆಗೆ ಹೊಸ ಮುಂಡ ಸೇರಿದಂತಾಗುತ್ತದೆ. ಇದನ್ನು ಪತ್ತೆಹಚ್ಚುವ ಹೊಣೆ ಅನ್ವಯದ್ದು. ಮುಂದುವರಿಕೆಯ ಆಯ್ಕೆಗೆ ಎರಡು ರೂಪಗಳಿವೆ. ಹಳೆಯ ರೂಪವು ವಿಂಡೋಸ್‌ನಲ್ಲಿ 2 ಗಿಗಾಬೈಟ್‌ಗಳಾಚೆಗಿನ ಸ್ಥಾನವನ್ನು ಸೂಚಿಸಲಾರದು. ಪಾಠದ ಚಲನಚಿತ್ರಗಳಂತಹ ದೊಡ್ಡ ಕಡತಗಳಿಗೆ ಎರಡನೆಯ, ದೊಡ್ಡ ಸಂಖ್ಯೆಯ ರೂಪವನ್ನೇ ಬಳಸಬೇಕು.

ವಿಳಾಸವನ್ನು ಬಳಕೆದಾರರೇ ಟೈಪು ಮಾಡುವಂತಿದ್ದರೆ, ಯಾವ ಪ್ರೋಟೊಕಾಲ್‌ಗಳಿಗೆ ಅನುಮತಿಯಿದೆ ಎಂದು ಗೊತ್ತುಪಡಿಸುವುದು ಅಗತ್ಯ. ಲಿಬ್‌ಕರ್ಲ್ 'ಫೈಲ್' ಎಂದು ಆರಂಭವಾಗುವ ವಿಳಾಸಗಳನ್ನೂ ಬಲ್ಲದು; ಅವು ಅದೇ ಗಣಕದಲ್ಲಿರುವ ಖಾಸಗಿ ಕಡತಗಳನ್ನು ಸೂಚಿಸುತ್ತವೆ.

ಪ್ರಮಾಣಪತ್ರ ಪರಿಶೀಲನೆ

ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಸರ್ವರ್ ತೋರಿಸುತ್ತಿರುವ ಪ್ರಮಾಣಪತ್ರಕ್ಕೆ ನಂಬಲರ್ಹ ಸಂಸ್ಥೆಯೊಂದು ಸಹಿ ಹಾಕಿದೆಯೇ ಎಂಬುದು ಒಂದು. ಆ ಪ್ರಮಾಣಪತ್ರದಲ್ಲಿರುವ ಹೆಸರು, ನಾವು ಹೋಗಬೇಕೆಂದಿದ್ದ ವಿಳಾಸದ ಹೆಸರೇ ಎಂಬುದು ಇನ್ನೊಂದು. ಅಸಲಿ ಗುರುತಿನ ಚೀಟಿಯಾದರೂ ಅದು ಬೇರೆಯವರದ್ದಾಗಿದ್ದರೆ ಪ್ರಯೋಜನವಿಲ್ಲವಷ್ಟೆ. 2002ರ ಅಕ್ಟೋಬರ್‌ನಲ್ಲಿ ಬಂದ 7.10 ಆವೃತ್ತಿಯಿಂದ ಲಿಬ್‌ಕರ್ಲ್ ಎರಡನ್ನೂ ತಾನಾಗಿಯೇ ಪರಿಶೀಲಿಸುತ್ತದೆ.

ಎರಡನೆಯ ಪರಿಶೀಲನೆಯನ್ನು ನಿಯಂತ್ರಿಸುವ ಆಯ್ಕೆಯು ಸಂಖ್ಯೆಯೊಂದನ್ನು ಸ್ವೀಕರಿಸುತ್ತಿತ್ತು. 0 ಎಂದರೆ ಪರಿಶೀಲನೆ ಬೇಡ. 1 ಎಂದರೆ ಪ್ರಮಾಣಪತ್ರದಲ್ಲಿ ಯಾವುದಾದರೊಂದು ಹೆಸರು ಇದ್ದರೆ ಸಾಕು. 2 ಎಂದರೆ ಆ ಹೆಸರು ವಿಳಾಸಕ್ಕೆ ಹೊಂದಲೇಬೇಕು. ಏನನ್ನೂ ನಮೂದಿಸದಿದ್ದರೆ 2 ಎಂದೇ ಅರ್ಥ. ಅನೇಕ ಅಭಿವರ್ಧಕರು ಇದನ್ನು ಹೌದು ಅಥವಾ ಇಲ್ಲ ಎಂಬ ಆಯ್ಕೆಯೆಂದು ಭಾವಿಸಿ, ಭದ್ರತೆ ಇರಲಿ ಎಂಬ ಸದುದ್ದೇಶದಿಂದಲೇ 'ಹೌದು' ಎಂದು ಬರೆದರು. ಗಣಕದ ಲೆಕ್ಕದಲ್ಲಿ 'ಹೌದು' ಎಂದರೆ 1. ಹೀಗಾಗಿ ಸುಮ್ಮನಿದ್ದವರ ಅನ್ವಯಗಳು ಸುರಕ್ಷಿತವಾಗಿಯೂ, ಕಾಳಜಿ ವಹಿಸಿದವರ ಅನ್ವಯಗಳು ಅಸುರಕ್ಷಿತವಾಗಿಯೂ ಆದವು. ಅಂತಹ ತಂತ್ರಾಂಶವನ್ನು ಬಳಸುವವರ ಮತ್ತು ಸರ್ವರ್‌ನ ನಡುವೆ ಸೇರಿಕೊಂಡವರು, ತಮ್ಮದೇ ಬೇರಾವುದೋ ವಿಳಾಸದ ಅಸಲಿ ಪ್ರಮಾಣಪತ್ರವನ್ನು ತೋರಿಸಿ ಗುಪ್ತಪದಗಳನ್ನೂ ಹಣ ಪಾವತಿಯ ವಿವರಗಳನ್ನೂ ಓದಬಹುದಾಗಿತ್ತು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣಿಸುತ್ತಿರಲಿಲ್ಲ.

2012ರಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು, ಬ್ರೌಸರ್ ಅಲ್ಲದ ತಂತ್ರಾಂಶಗಳಲ್ಲಿ ಪ್ರಮಾಣಪತ್ರ ಪರಿಶೀಲನೆ ಎಷ್ಟು ದುರ್ಬಲವಾಗಿದೆ ಎಂಬುದನ್ನು ತೋರಿಸಿದ ಪ್ರಬಂಧದಲ್ಲಿ ಈ ಗೊಂದಲವನ್ನು ಎತ್ತಿ ಹೇಳಿದರು. ಲಿಬ್‌ಕರ್ಲ್‌ನ ಕೈಪಿಡಿಯಲ್ಲಿ ಸರಿಯಾದ ವಿವರಣೆ ಮೊದಲಿನಿಂದಲೂ ಇತ್ತು. ಆದರೆ ಕೈಪಿಡಿಯನ್ನು ಓದದವರೂ ಸಹಜವಾಗಿ ಸರಿಯಾದುದನ್ನೇ ಮಾಡುವಂತೆ ವಿನ್ಯಾಸವಿರಬೇಕೆಂಬ ಟೀಕೆಗೆ ಅದು ಉತ್ತರವಾಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ 7.28.1 ಆವೃತ್ತಿಯು 1 ಎಂಬ ಸಂಖ್ಯೆಯನ್ನು ತಿರಸ್ಕರಿಸತೊಡಗಿತು. 2019ರ 7.66.0 ಆವೃತ್ತಿಯಿಂದ 1 ಮತ್ತು 2 ಎರಡಕ್ಕೂ ಪೂರ್ಣ ಪರಿಶೀಲನೆ ಎಂದೇ ಅರ್ಥ.

ಈ ತೊಡಕು ನೀಗಿದರೂ ಇನ್ನೊಂದು ಉಳಿದಿದೆ. ಓಪನ್‌ಎಸ್‌ಎಸ್‌ಎಲ್ ಬಳಸುವ ಪ್ರತಿಯು ವಿಂಡೋಸ್‌ನಲ್ಲಿ ನಂಬಲರ್ಹ ಸಂಸ್ಥೆಗಳ ಪಟ್ಟಿಯನ್ನು ಕಾಣದೆ ಸಂಪರ್ಕವನ್ನು ನಿರಾಕರಿಸಿದಾಗ, ಪರಿಶೀಲನೆಯನ್ನೇ ಆರಿಸಿಬಿಡಿ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಇದು ಬೀಗದ ಕೈ ಕಾಣಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ಮೊಜಿಲ್ಲಾ ಸಂಸ್ಥೆಯ ಪಟ್ಟಿಯಿಂದ ಸಿದ್ಧಪಡಿಸಿದ ಕಡತವನ್ನು ಕರ್ಲ್ ಯೋಜನೆಯೇ ಒದಗಿಸುತ್ತದೆ. ಅದನ್ನು ಅನ್ವಯದೊಡನೆ ಸೇರಿಸಬಹುದು. ಸ್ಕ್ಯಾನಲ್ ಬಳಸುವ ಪ್ರತಿಯಾದರೆ ವಿಂಡೋಸ್‌ನ ಸ್ವಂತ ಪಟ್ಟಿಯನ್ನೇ ನೋಡಿಕೊಳ್ಳುತ್ತದೆ.

ಭದ್ರತಾ ದೋಷಗಳು

ಸಿ ಭಾಷೆಯು ವೇಗಕ್ಕೂ ಎಲ್ಲೆಡೆ ಲಭ್ಯತೆಗೂ ಹೆಸರಾದುದು. ಆದರೆ ಸ್ಮೃತಿಯ ಎಲ್ಲೆಯನ್ನು ಮೀರಿ ಬರೆಯುವ ತಪ್ಪನ್ನು ಅದು ತಾನಾಗಿ ತಡೆಯುವುದಿಲ್ಲ. ಕರ್ಲ್‌ನಲ್ಲಿ ಕಂಡುಬಂದ ಭದ್ರತಾ ದೋಷಗಳಲ್ಲಿ ಸುಮಾರು ಅರ್ಧದಷ್ಟು ಸಿ ಭಾಷೆಯ ಬಳಕೆಯಿಂದಾದ ತಪ್ಪುಗಳೆಂದು ಸ್ಟೆನ್‌ಬರ್ಗ್ ಅವರೇ 2021ರಲ್ಲಿ ವಿಶ್ಲೇಷಿಸಿದ್ದಾರೆ.

ಇವುಗಳಲ್ಲಿ ಹೆಚ್ಚು ಸುದ್ದಿಯಾದದ್ದು 2023ರ ಅಕ್ಟೋಬರ್ 11ರಂದು 8.4.0 ಆವೃತ್ತಿಯಲ್ಲಿ ಸರಿಪಡಿಸಲಾದ, ಸಿವಿಇ-2023-38545 ಎಂಬ ಸಂಖ್ಯೆಯ ದೋಷ. ಸಾಕ್ಸ್5 ಎಂಬ ಬಗೆಯ ಪ್ರಾಕ್ಸಿಗೆ ಕೊಡುವ ಸರ್ವರ್‌ನ ಹೆಸರು 255 ಬೈಟ್‌ಗಳನ್ನು ಮೀರುವಂತಿಲ್ಲ. ಮೀರಿದರೆ ಹೆಸರನ್ನು ಪ್ರಾಕ್ಸಿಗೆ ಕೊಡದೆ ತಾನೇ ಬಿಡಿಸಿಕೊಳ್ಳುವುದು ಲಿಬ್‌ಕರ್ಲ್‌ನ ಉದ್ದೇಶವಾಗಿತ್ತು. ಪ್ರಾಕ್ಸಿಯ ಉತ್ತರ ನಿಧಾನವಾಗಿ ಬಂದಾಗ ಈ ತೀರ್ಮಾನವು ನಡುವೆ ಮರೆತುಹೋಗಿ, ಮಿತಿಮೀರಿದ ಹೆಸರು ಅದಕ್ಕೆ ಸಾಲದ ಸ್ಮೃತಿಯೊಳಗೆ ನಕಲಾಗುತ್ತಿತ್ತು. 2020ರಲ್ಲಿ ಸೇರಿಕೊಂಡ ಈ ತಪ್ಪು 1,315 ದಿನಗಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ತಪ್ಪು ತಮ್ಮದೇ ಎಂದು ಸ್ಟೆನ್‌ಬರ್ಗ್ ಬಹಿರಂಗವಾಗಿ ಒಪ್ಪಿಕೊಂಡು, ಅದು ನಡೆದ ಬಗೆಯನ್ನು ಸಾಲು ಸಾಲಾಗಿ ವಿವರಿಸಿ ಬರೆದರು. ಸ್ಮೃತಿಸುರಕ್ಷಿತ ಭಾಷೆಯಲ್ಲಿ ಬರೆದಿದ್ದರೆ ಇದು ಸಂಭವಿಸುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ರಸ್ಟ್ ಭಾಷೆಯ 'ಹೈಪರ್' ಲೈಬ್ರರಿಯನ್ನು ಎಚ್‌ಟಿಟಿಪಿ ಭಾಗಕ್ಕೆ ಜೋಡಿಸುವ ಪ್ರಯತ್ನವು 2020ರಿಂದ ನಡೆದಿತ್ತು. ಬಳಸುವವರೂ ಪೂರ್ಣಗೊಳಿಸುವವರೂ ಸಾಕಷ್ಟು ದೊರೆಯದೆ ಕೊನೆಗೆ ಅದನ್ನು ಕೈಬಿಡಲಾಯಿತು.

ದೋಷವನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲ ಗಣಕಗಳೂ ಸುರಕ್ಷಿತವಾಗುವುದಿಲ್ಲ. ಲಿನಕ್ಸ್ ವಿತರಣೆಗಳಲ್ಲಿ ಸಾಮಾನ್ಯವಾಗಿ ಒಂದೇ ಹಂಚಿಕೆಯ ಪ್ರತಿ ಇರುವುದರಿಂದ, ಅದನ್ನು ಬದಲಿಸಿದರೆ ಅವಲಂಬಿತ ಅನ್ವಯಗಳೆಲ್ಲಕ್ಕೂ ಪರಿಹಾರ ಸಿಗುತ್ತದೆ. ವಿಂಡೋಸ್‌ನಲ್ಲಿ ಪ್ರತಿಯೊಂದು ಅನ್ವಯವೂ ತನ್ನದೇ ಪ್ರತಿಯನ್ನು ಹೊತ್ತು ತರುವುದು ರೂಢಿ. 2018ರಿಂದ ವಿಂಡೋಸ್ 10ರೊಡನೆ ಬರುವುದು ಕರ್ಲ್ ಉಪಕರಣವೇ ಹೊರತು ಎಲ್ಲ ಅನ್ವಯಗಳೂ ಹಂಚಿಕೊಳ್ಳಬಹುದಾದ ಲೈಬ್ರರಿಯಲ್ಲ. ಆದ್ದರಿಂದ ಒಂದೇ ಗಣಕದಲ್ಲಿ ಬೇರೆ ಬೇರೆ ವಯಸ್ಸಿನ ಹಲವು ಲಿಬ್‌ಕರ್ಲ್‌ಗಳು ಇರಬಹುದು. ಅನ್ವಯದ ತಯಾರಕರು ಹೊಸ ಆವೃತ್ತಿಯನ್ನು ನೀಡದಿದ್ದರೆ ಹಳೆಯ ದೋಷ ಹಾಗೆಯೇ ಉಳಿಯುತ್ತದೆ. ಇದರ ವಿರುದ್ಧ ದಿಕ್ಕಿನ ಪ್ರಮಾದವೂ ನಡೆದದ್ದುಂಟು. ಭದ್ರತಾ ತಪಾಸಣೆಯ ತಂತ್ರಾಂಶಗಳು ದೂರಿದವೆಂದು ಕೆಲವರು ವಿಂಡೋಸ್‌ನ ವ್ಯವಸ್ಥಾ ಕಡತಕೋಶದಿಂದ ಕರ್ಲ್ ಉಪಕರಣವನ್ನೇ ಅಳಿಸಿ, ವಿಂಡೋಸ್‌ನ ಮುಂದಿನ ಪರಿಷ್ಕರಣೆಗಳು ವಿಫಲವಾಗಲು ಕಾರಣರಾದರು. ಹಾಗೆ ಮಾಡಬಾರದೆಂದು 2023ರಲ್ಲಿ ಸ್ಟೆನ್‌ಬರ್ಗ್ ಎಚ್ಚರಿಸಬೇಕಾಯಿತು.

ಕನ್ನಡ ಲಿಪಿಯ ವಿಳಾಸಗಳು

'ಭಾರತ' ಎಂಬ ಕನ್ನಡ ಲಿಪಿಯ ಮೇಲ್ಮಟ್ಟದ ಡೊಮೇನ್ ಈಗ ಅಸ್ತಿತ್ವದಲ್ಲಿದೆ. ಇಂತಹ ಹೆಸರುಗಳನ್ನು ಜಾಲಬಂಧವು ಅರಿಯುವ ಪ್ಯುನಿಕೋಡ್ ರೂಪಕ್ಕೆ ಪರಿವರ್ತಿಸಲು ಲಿಬ್‌ಕರ್ಲ್ ಲಿಬ್‌ಐಡಿಎನ್2 ಎಂಬ ಲೈಬ್ರರಿಯನ್ನೋ ಕಾರ್ಯಾಚರಣ ವ್ಯವಸ್ಥೆಯ ಸೌಲಭ್ಯವನ್ನೋ ಬಳಸುತ್ತದೆ. ಆ ಬೆಂಬಲವಿಲ್ಲದೆ ಸಿದ್ಧಪಡಿಸಿದ ಪ್ರತಿಗೆ ಕನ್ನಡದ ವಿಳಾಸ ತಿಳಿಯುವುದಿಲ್ಲ.

ವಿಳಾಸದ ಉಳಿದ ಭಾಗದಲ್ಲಿ, ಅಂದರೆ ಕಡತದ ಹೆಸರಿನಲ್ಲಿ ಕನ್ನಡವಿದ್ದರೆ ಅದನ್ನು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬದಲಿಸಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು ಬೇಕು. 'ಕನ್ನಡ' ಎಂಬ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ 5 ಸಂಕೇತಗಳಿರುವುದರಿಂದ 15 ಬೈಟ್‌ಗಳಾಗಿ, ಪರಿವರ್ತನೆಯ ಬಳಿಕ 45 ಅಕ್ಷರಗಳಾಗುತ್ತವೆ. ಈ ಪರಿವರ್ತನೆಗೆ ಬೇಕಾದ ಫಲನವು ಲಿಬ್‌ಕರ್ಲ್‌ನಲ್ಲಿಯೇ ಇದೆ. ಅದನ್ನು ಅನ್ವಯವು ಕರೆಯಬೇಕು. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿ ಹೊರಬಿಟ್ಟ ತಂತ್ರಾಂಶಗಳು ಕನ್ನಡ ಹೆಸರಿನ ಕಡತ ಎದುರಾದಾಗ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಪರವಾನಗಿ

ಕರ್ಲ್ ಮೊದಲು ಜಿಪಿಎಲ್, ಬಳಿಕ ಮೊಜಿಲ್ಲಾ ಪರವಾನಗಿಯಡಿ ಇತ್ತು. 2001ರ ಜನವರಿಯಿಂದ ಎಂಐಟಿ ಮಾದರಿಯ ಪರವಾನಗಿಯನ್ನು ಸೇರಿಸಲಾಯಿತು. ಈಗ ಇರುವುದು ಆ ಮಾದರಿಯದೇ. ಮೂಲ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು, ಮಾರಾಟದ ತಂತ್ರಾಂಶಗಳಲ್ಲಿಯೂ ಹಣ ಕೊಡದೆ ಬಳಸಬಹುದು. ಆ ಸೂಚನೆಯಲ್ಲಿ ಸ್ಟೆನ್‌ಬರ್ಗ್ ಅವರ ಹೆಸರೂ ಮಿಂಚಂಚೆಯ ವಿಳಾಸವೂ ಇರುವುದರಿಂದ, ಕಾರಿನ ಮನರಂಜನಾ ವ್ಯವಸ್ಥೆ ಕೆಟ್ಟಾಗ ಪರದೆಯಲ್ಲಿ ಆ ಹೆಸರನ್ನು ಕಂಡವರು ದುರಸ್ತಿಗಾಗಿ ಅವರಿಗೇ ಪತ್ರ ಬರೆದ ಪ್ರಸಂಗಗಳಿವೆ.

ನಿರ್ವಹಣೆ

ಸಾಮಾನ್ಯವಾಗಿ 8 ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಎರಡು ದಶಕಗಳ ಕಾಲ ಬಿಡುವಿನ ವೇಳೆಯಲ್ಲೇ ಬಹುಪಾಲು ಕೆಲಸ ಮಾಡಿದ ಸ್ಟೆನ್‌ಬರ್ಗ್, 2019ರಿಂದ ವುಲ್ಫ್‌ಎಸ್‌ಎಸ್‌ಎಲ್ ಸಂಸ್ಥೆಯ ಮೂಲಕ ಪೂರ್ಣಾವಧಿಗೆ ಕರ್ಲ್ ಕೆಲಸದಲ್ಲಿ ತೊಡಗಿದರು. ಸಾವಿರಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ತಿದ್ದುಪಡಿ ನೀಡಿದ್ದರೂ, ನಿರಂತರವಾಗಿ ಹೊಣೆ ಹೊತ್ತವರು ಬೆರಳೆಣಿಕೆಯಷ್ಟು. ಈ ಕೆಲಸಕ್ಕಾಗಿ ಸ್ಟೆನ್‌ಬರ್ಗ್ ಅವರಿಗೆ 2017ರಲ್ಲಿ ಸ್ವೀಡನ್‌ನ ಪ್ರತಿಷ್ಠಿತ ಪೋಲ್‌ಹೆಮ್ ಪ್ರಶಸ್ತಿ ಸಂದಿತು.

ಬಳಸುವವರು ಮತ್ತು ನಿರ್ವಹಿಸುವವರ ನಡುವಿನ ಅಂತರ ಕೆಲವೊಮ್ಮೆ ವಿಚಿತ್ರ ರೂಪ ತಾಳುತ್ತದೆ. 2022ರ ಜನವರಿಯಲ್ಲಿ, ಲಾಗ್4ಜೆ ಎಂಬ ಜಾವಾ ಘಟಕದ ದೋಷ ಸುದ್ದಿಯಲ್ಲಿದ್ದಾಗ, ದೊಡ್ಡ ಕಂಪನಿಯೊಂದು ಅದರ ಬಗ್ಗೆ ವಿವರ ಕೇಳಿ, 24 ಗಂಟೆಗಳೊಳಗೆ ಉತ್ತರಿಸಬೇಕೆಂದು ಸ್ಟೆನ್‌ಬರ್ಗ್ ಅವರಿಗೆ ಪ್ರಶ್ನಾವಳಿ ಕಳುಹಿಸಿತ್ತು. ಕರ್ಲ್‌ನಲ್ಲಿ ಜಾವಾ ಇಲ್ಲ. ಆ ಕಂಪನಿ ಅವರೊಡನೆ ಯಾವ ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ಬೆಂಬಲ ಒಪ್ಪಂದಕ್ಕೆ ಸಹಿ ಹಾಕಿದರೆ ಸಂತೋಷದಿಂದ ಉತ್ತರಿಸುವುದಾಗಿ ಅವರು ಮರುತ್ತರ ಬರೆದರು.

ದೋಷ ಹುಡುಕಿದವರಿಗೆ ಬಹುಮಾನ ನೀಡುವ ಯೋಜನೆಯನ್ನು 2019ರಲ್ಲಿ ಆರಂಭಿಸಲಾಯಿತು. ಕೃತಕ ಬುದ್ಧಿಮತ್ತೆಯ ಸಾಧನಗಳು ಸುಲಭವಾಗಿ ಸಿಗತೊಡಗಿದ ಮೇಲೆ, ನಿಜವೆಂದು ತೋರುವ ಆದರೆ ಆಧಾರವಿಲ್ಲದ ವರದಿಗಳು ಹೆಚ್ಚಿದವು. ಪ್ರತಿಯೊಂದನ್ನೂ ಓದಿ ತಳ್ಳಿಹಾಕಲು ಸ್ವಯಂಸೇವಕರ ಗಂಟೆಗಳು ವ್ಯಯವಾಗುತ್ತಿದ್ದುದರಿಂದ 2026ರ ಜನವರಿಯ ಕೊನೆಗೆ ಹಣದ ಬಹುಮಾನವನ್ನು ನಿಲ್ಲಿಸಲಾಯಿತು.

ಬಳಕೆ

ಆವೃತ್ತಿ ನಿರ್ವಹಣೆಯ ಗಿಟ್ ತಂತ್ರಾಂಶವು ಎಚ್‌ಟಿಟಿಪಿ ಮೂಲಕ ಕೆಲಸ ಮಾಡುವಾಗ ಲಿಬ್‌ಕರ್ಲ್ ಅನ್ನೇ ಬಳಸುತ್ತದೆ. ಕಚೇರಿ ಕೆಲಸಗಳ ಲಿಬ್ರೆಆಫೀಸ್, ಮಾಧ್ಯಮ ವೀಕ್ಷಣೆಯ ಕೋಡಿ, ನೇರ ಪ್ರಸಾರದ ಓಬಿಎಸ್ ಸ್ಟುಡಿಯೋ, ತಂತ್ರಾಂಶ ಕಟ್ಟುವ ಸಿಮೇಕ್ ಇದನ್ನು ಒಳಗೊಂಡ ಪ್ರಸಿದ್ಧ ಡೆಸ್ಕ್‌ಟಾಪ್ ತಂತ್ರಾಂಶಗಳು. ಫೋನು, ಟಿವಿ, ಕಾರುಗಳನ್ನೂ ಸೇರಿಸಿ ಜಗತ್ತಿನಲ್ಲಿ 2,000 ಕೋಟಿ ಪ್ರತಿಗಳಿರಬಹುದೆಂದು ಸ್ಟೆನ್‌ಬರ್ಗ್ ಅಂದಾಜಿಸಿದ್ದಾರೆ. ಯಾರೂ ನೋಂದಾಯಿಸದೆ ಬಳಸಬಹುದಾದ್ದರಿಂದ ಇದನ್ನು ಎಣಿಕೆ ಎನ್ನಲಾಗದು. 2021ರಲ್ಲಿ ಮಂಗಳನ ಮೇಲೆ ಹಾರಿದ ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಯೋಜನೆಯಲ್ಲಿ ಬಳಕೆಯಾದ ಮುಕ್ತ ತಂತ್ರಾಂಶಗಳ ಪಟ್ಟಿಯಲ್ಲಿ ಕರ್ಲ್ ಹೆಸರೂ ಇದೆ.

ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು 2021ರಲ್ಲಿ ಎಫ್‌ಟಿಪಿ ಬೆಂಬಲವನ್ನು ತೆಗೆದುಹಾಕಿದವು. ಲಿಬ್‌ಕರ್ಲ್‌ನಲ್ಲಿ ಅದು ಉಳಿದಿದೆ. ಬ್ರೌಸರ್‌ನಲ್ಲಿ ಈಗ ತೆರೆಯದ ಹಳೆಯ ಎಫ್‌ಟಿಪಿ ಸಂಗ್ರಹಗಳಿಂದ ಕಡತಗಳನ್ನು ತರಿಸಿಕೊಳ್ಳಬೇಕಾದ ಅನ್ವಯಗಳು ಇಂದಿಗೂ ಇದನ್ನು ಬಳಸುತ್ತವೆ.